ಹಳೇ ಮನೆಯ ಸಾಮಾನಿನಿಂದ ಹೊಸ ಮನೆ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಜೆಸಿಬಿ ತಂದರೆ ಒಂದು ಹಂಚಿನ ಮನೆ ಅರ್ಧ ದಿನದಲ್ಲಿ ನೆಲಸಮ ಆಗುತ್ತದೆ. ಅಜ್ಜನ ಕಾಲದ ನಮ್ಮ ಮನೆಯನ್ನು ಕೈಯಲ್ಲೇ ಬಿಚ್ಚಲು ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಹಲಸಿನ ತೊಲೆಗಳು, ಮತ್ತಿ ಮರದ ಪಕಾಸುಗಳು (ಹಂಚಿನ ಭಾರ ಹೊರುವ ಇಳಿಜಾರು ಮರಗಳು), ಎರಡು ಸಾವಿರಕ್ಕೂ ಜಾಸ್ತಿ ಗಟ್ಟಿ ಹಂಚು, ತಳಪಾಯದ ಕಗ್ಗಲ್ಲು, ಆರು ಕಿಟಕಿ, ನಾಲ್ಕು ಬಾಗಿಲು ಕೆಳಗಿಳಿದವು. ಈಗ ನಾವಿರುವ ಮನೆಯ ಮಾಡು (ಚಾವಣಿ), ಅಟ್ಟ, ಜಗಲಿ ಎಲ್ಲ ಅದರಲ್ಲೇ ಆದದ್ದು.

ಕೊಡಗಿನಲ್ಲಿ ಈಗ ಎಲ್ಲಿ ನೋಡಿದರೂ ಹಳೇ ಮನೆ, ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ), ಕಾಫಿ ಗೋದಾಮು ಕೆಡವುತ್ತಿದ್ದಾರೆ. ನೂರು ವರ್ಷ ಮಳೆ ತಡೆದ ಮರ ಸೌದೆ ಆಗುತ್ತದೆ. ಹಂಚು ತೋಡಿನ (ಹಳ್ಳದ) ಪಾಲಾಗುತ್ತದೆ. ನೋಡಿದಾಗಲೆಲ್ಲ ಕರುಳು ಚುರುಕ್ ಅನ್ನುತ್ತದೆ. ಅದಕ್ಕೇ ನಾವು ಮಾಡಿ ಕಲಿತದ್ದನ್ನು, ಆಚಾರಿ ಮತ್ತು ಮೇಸ್ತ್ರಿಯಿಂದ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಬಿಚ್ಚಲೇಬೇಕಾ?

ಎಲ್ಲಕ್ಕಿಂತ ಮೊದಲು ಇದನ್ನು ಕೇಳಿಕೊಳ್ಳಿ. ಹಳೇ ಸಾಮಾನಿಗೆ ಅತಿ ಒಳ್ಳೆಯ ಜಾಗ ಅದು ಈಗಾಗಲೇ ಇರುವ ಜಾಗವೇ. ಮಾಡು ಸೋರುತ್ತಿದೆ, ಎರಡು ಪಕಾಸು ಗೆದ್ದಲು ತಿಂದಿದೆ, ಒಂದು ಗೋಡೆ ವಾಲಿದೆ ಅಂದರೆ ಅಷ್ಟನ್ನೇ ಸರಿ ಮಾಡಿ. ಐನ್‌ಮನೆ (ಕುಲದ ಮೂಲ ಮನೆ) ಆದರೆ ಇನ್ನೂ ನೂರು ಸಲ ಯೋಚಿಸಿ. ಕೈಯಾಲೆಯ (ಮುಂದಿನ ಜಗಲಿಯ) ಕೆತ್ತನೆ ಕಂಬ, ಕಂಬಗಳ ನಡುವೆ ಕೂರುವ ಹಲಗೆಯಾದ ಐಮರ, ಹಿರಿಯರ ದೀಪವಿಡುವ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆ, ಇವೆಲ್ಲ ಒಟ್ಟಿಗೆ ಇದ್ದರೇ ಐನ್‌ಮನೆ. ಕಂಬವನ್ನು ಬಿಚ್ಚಿ ಬೇರೆ ಕಡೆ ನಿಲ್ಲಿಸಿದರೆ ಅದು ಬರೀ ಚೆಂದದ ಕಂಬ. ಮೇಲಾಗಿ ಅದು ಇಡೀ ಒಕ್ಕದ (ಕುಲದ) ಆಸ್ತಿ. ಎಲ್ಲರೂ ಕೂತು ಒಪ್ಪದೆ ಒಂದು ಹಂಚನ್ನೂ ಇಳಿಸಬೇಡಿ.

ಗೋಡೆ ಪೂರ್ತಿ ಸೀಳಿದೆ, ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜರಿಯುವ ಹಾಗಿದೆ, ಅಥವಾ ಮನೆ ಆಗಲೇ ಅರ್ಧ ಬಿದ್ದಿದೆ ಅನ್ನುವುದಾದರೆ ಮುಂದಕ್ಕೆ ಓದಿ.

ಕಾಲ ನೋಡಿ ಕೈ ಹಾಕಿ

ನಮ್ಮಲ್ಲಿ ಎರಡು ಲೆಕ್ಕ ನೋಡಬೇಕು, ಮಳೆಯದು ಮತ್ತು ಕಾಫಿಯದು. ಅರೇಬಿಕಾ ಕೊಯ್ಲು ಸುಮಾರು ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆ ದಿನಗಳಲ್ಲಿ ಕೆಲಸದವರು ಸಿಗುವುದೇ ಕಷ್ಟ. ಮಾರ್ಚ್ ಕಳೆದ ಮೇಲೆ ಬಿಚ್ಚಲು ಶುರು ಮಾಡಿದರೆ ಜೂನ್ ಮಳೆಗೆ ಮೊದಲು ಹೊಸ ಮಾಡು ಏರುವುದಿಲ್ಲ.

ನಮಗೆ ಸರಿ ಬಂದ ಕ್ರಮ ಹೀಗೆ. ಕಾವೇರಿ ಸಂಕ್ರಮಣ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ ಬಿಚ್ಚಲು ಶುರು. ನವೆಂಬರ್ ನಡುವಿಗೆ ಎಲ್ಲ ನೆಲಕ್ಕೆ. ಹಿಂಗಾರು ಮಳೆ ಬಂದೇ ಬರುತ್ತದೆ, ಹಾಗಾಗಿ ದೊಡ್ಡ ಟಾರ್ಪಾಲು ಮೊದಲೇ ತಂದಿಡಿ. ಡಿಸೆಂಬರ್, ಜನವರಿಯಲ್ಲಿ ವಿಂಗಡಣೆ, ತೊಳೆಯುವುದು, ಮೊಳೆ ಕೀಳುವುದು. ಇದನ್ನು ಮನೆಯವರೇ ಮಾಡಬಹುದು. ಫೆಬ್ರವರಿಯಿಂದ ಕಟ್ಟುವ ಕೆಲಸ. ಮೇ 20ರ ಒಳಗೆ ಹಂಚು ಹೊದಿಸಿ ಆಗಿರಲೇಬೇಕು. ನಡುವೆ ಹೂಮಳೆ ಬಂದರೆ ಕಾಫಿಗೆ ಖುಷಿ, ಹಸಿ ಗಾರೆಗೆ ತೊಂದರೆ. ಮುಚ್ಚಲು ಸಿದ್ಧವಾಗಿರಿ.

ಕಾಗದಪತ್ರದ ಕೆಲಸವೂ ಇದೇ ಹೊತ್ತಿಗೆ ಆಗಲಿ. ಪಂಚಾಯಿತಿ ಪರವಾನಗಿ ಒಂದು. ಮರ ಇನ್ನೊಂದು. ಮನೆಯಲ್ಲಿ ಬೀಟೆ, ತೇಗ ಇದ್ದು ಅದನ್ನು ಬೇರೆ ಜಾಗಕ್ಕೆ ಸಾಗಿಸುವುದಾದರೆ, ಪಿಕಪ್‌ಗೆ ತುಂಬುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಬೇಕಾದ ಪರವಾನಗಿ ಬರವಣಿಗೆಯಲ್ಲೇ ಪಡೆಯಿರಿ. ಹಳೇ ಮರ ಅಲ್ವಾ ಅಂತ ಸುಮ್ನೆ ರಸ್ತೆಗೆ ಇಳಿಸಬೇಡಿ. ಮನೆ ನಿಂತಿರುವಾಗಲೇ ನಾಲ್ಕೂ ಕಡೆಯಿಂದ, ಒಳಗಿನಿಂದ, ಮಾಡಿನ ಕೆಳಗಿನಿಂದ ಫೋಟೋ ತೆಗೆದಿಡಿ. ಮನೆ ಕಂದಾಯದ ರಸೀದಿಯೂ ಜೊತೆಗಿರಲಿ. ಮಾಕುಟ್ಟ ಅಥವಾ ಕುಟ್ಟ ದಾಟಿ ಕೇರಳಕ್ಕೆ ಹೋಗುವ, ಅಲ್ಲಿಂದ ಬರುವ ಮರಕ್ಕೆ ಇನ್ನೂ ಜಾಗ್ರತೆ ಬೇಕು.

ಪಟ್ಟಿ ಮೊದಲು, ನಕ್ಷೆ ಆಮೇಲೆ

ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸಾಮಾನ್ಯವಾಗಿ ನಾವು ಮೊದಲು ನಕ್ಷೆ ಮಾಡಿಸುತ್ತೇವೆ, ಆಮೇಲೆ ಸಾಮಾನು ಹುಡುಕುತ್ತೇವೆ. ಹಳೇ ಸಾಮಾನಿಗೆ ಈ ಕ್ರಮ ಒಗ್ಗುವುದಿಲ್ಲ. ನಿಮ್ಮ ಹತ್ತಿರ 11 ಅಡಿಯ ತೊಲೆ ಇದೆ, ನಕ್ಷೆಯಲ್ಲಿ ಕೋಣೆ 12 ಅಡಿ ಅಗಲ ಇದೆ ಅಂದುಕೊಳ್ಳಿ. ಆ ಒಂದು ಅಡಿಗೋಸ್ಕರ ಎಲ್ಲ ತೊಲೆಯೂ ಮೂಲೆ ಸೇರುತ್ತದೆ, ಹೊಸ ಮರ ಅಥವಾ ಕಬ್ಬಿಣ ಬರುತ್ತದೆ. ಕೋಣೆಯನ್ನು ಹತ್ತು ಅಡಿಗೆ ಇಳಿಸಿದ್ದರೆ ಒಂದು ಮರವನ್ನೂ ಕೊಳ್ಳಬೇಕಿರಲಿಲ್ಲ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಪ್ರತಿ ತುಂಡಿನ ಉದ್ದ, ಅಗಲ, ದಪ್ಪ, ಯಾವ ಮರ, ಎಲ್ಲಿತ್ತು, ಹೇಗಿದೆ ಅಂತ ಬರೆಯಿರಿ. ತೊಲೆಯ ಎರಡೂ ತುದಿ ಗೋಡೆಯೊಳಗೆ ಹೂತಿರುತ್ತದೆ, ಹೆಚ್ಚಿನ ಸಲ ಅಲ್ಲೇ ಕೊಳೆತಿರುತ್ತದೆ. ಆದ್ದರಿಂದ ಉದ್ದ ಬರೆಯುವಾಗ ಎರಡೂ ಕಡೆ ಅರ್ಧರ್ಧ ಅಡಿ ಕಳೆದೇ ಬರೆಯಿರಿ. ಈ ಪಟ್ಟಿಯನ್ನು ಎಂಜಿನಿಯರ್ ಮುಂದಿಟ್ಟು, ಇದರಲ್ಲಿ ಏನು ಆಗುತ್ತದೋ ಅಂಥ ಮನೆ ಬರೆದುಕೊಡಿ ಅನ್ನಿ. ಮೊದಮೊದಲು ಒಪ್ಪುವುದು ಕಷ್ಟ. ನಾವು ಕೇಳಿದ ಇಬ್ಬರು ಹಳೇ ಮರ ಬೇಡವೇ ಬೇಡ ಅಂದರು. ಮೂರನೆಯವರು ಬಂದು ತೊಲೆಗಳನ್ನು ತಟ್ಟಿ ನೋಡಿ ಪೆನ್ಸಿಲ್ ಹಿಡಿದರು. ಅಂಥವರು ಸಿಗುವ ತನಕ ಹುಡುಕಿ.

ಗುರುತು ಹಾಕುವುದನ್ನು ಮರೆಯಬೇಡಿ. ಸೀಮೆಸುಣ್ಣ ನಮ್ಮ ಥಂಡಿಗೆ ಎರಡೇ ದಿನದಲ್ಲಿ ಅಳಿಸಿಹೋಗುತ್ತದೆ. ತಗಡಿನ ಚೂರಿನ ಮೇಲೆ ಮೊಳೆಯಿಂದ ಸಂಖ್ಯೆ ಕುಟ್ಟಿ, ಅದನ್ನು ಮರಕ್ಕೆ ಹೊಡೆಯಿರಿ.

ಬಿಚ್ಚುವ ಕ್ರಮ

ಕಟ್ಟಿದ ಕ್ರಮಕ್ಕೆ ತಿರುವುಮುರುವು. ಕೊನೆಗೆ ಕೂರಿಸಿದ್ದು ಮೊದಲು ಹೊರಗೆ ಬರಬೇಕು. ವಿದ್ಯುತ್ ಸಂಪರ್ಕವನ್ನು ಕಂಬದಿಂದಲೇ ತೆಗೆಸಿ. ಮೀಟರ್ ಆಫ್ ಮಾಡಿದರೆ ಸಾಲದು. ಆಮೇಲೆ ಬಾಗಿಲು, ಕಿಟಕಿಯ ಪಡಿಗಳು, ಗಾಜು. ಚೌಕಟ್ಟು ಈಗಲೇ ಬೇಡ, ಅದು ಗೋಡೆಯನ್ನು ಹಿಡಿದಿರುತ್ತದೆ. ನಂತರ ಹಂಚು, ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕಾಸು, ಅಟ್ಟದ ಹಲಗೆ, ತೊಲೆ. ಅದಾದ ಮೇಲೆ ಗೋಡೆ, ಗೋಡೆಯ ಜೊತೆ ಚೌಕಟ್ಟು. ಎಲ್ಲದರ ಕೊನೆಗೆ ತಳಪಾಯದ ಕಲ್ಲು.

ಹಂಚನ್ನು ಮಾಡಿನ ಎರಡೂ ಇಳಿಜಾರಿನಿಂದ ಸಮಸಮವಾಗಿ ಇಳಿಸಿ. ಒಂದು ಕಡೆ ಪೂರ್ತಿ ಖಾಲಿ ಮಾಡಿದರೆ ಇನ್ನೊಂದು ಕಡೆಯ ಭಾರಕ್ಕೆ ಹಳೇ ಮಾಡು ವಾಲುತ್ತದೆ. ಒಬ್ಬರು ಮೇಲೆ, ಒಬ್ಬರು ಏಣಿಯಲ್ಲಿ, ಒಬ್ಬರು ಕೆಳಗೆ, ಹೀಗೆ ಕೈಯಿಂದ ಕೈಗೆ ಬರಲಿ. ಪಕಾಸು ಬಿಚ್ಚಿದ ಮೇಲೆ ಒಂಟಿಯಾಗಿ ನಿಲ್ಲುವ ಮಣ್ಣಿನ ಗೋಡೆಯನ್ನು ನಂಬಬೇಡಿ. ಅದೇ ದಿನ ಊರೆಗೋಲು ಕೊಡಿ ಅಥವಾ ಇಳಿಸಿಬಿಡಿ.

ಹಳೇ ಬಾಗಿಲ ಚೌಕಟ್ಟಿನ ಸಂದಿಗಳಲ್ಲಿ ಕಬ್ಬಿಣದ ಮೊಳೆ ಇರುವುದಿಲ್ಲ, ಮರದ ಗೂಟ ಇರುತ್ತದೆ. ನಮ್ಮ ಹುಡುಗರು ಗರಗಸ ತಂದಿದ್ದರು. ಆಚಾರಿ ತಡೆದು, “ಅಕ್ಕ, ಇದನ್ನು ಕೊಯ್ದರೆ ಮತ್ತೆ ಕೂಡಲ್ಲ. ಗೂಟವನ್ನು ಹಿಂದಿನಿಂದ ಹೊಡೀರಿ, ಅದೇ ಬರುತ್ತೆ” ಅಂದರು. ಹಿಂದಿನಿಂದ ನಾಲ್ಕು ಪೆಟ್ಟು ಬಿದ್ದದ್ದೇ, ಗೂಟ ಹೊರಗೆ ಬಂತು. ಅಷ್ಟು ವರ್ಷದ ಚೌಕಟ್ಟು ಒಂದು ಸಿಗುರೂ ಏಳದೆ ನಾಲ್ಕು ತುಂಡಾಗಿ ಕೈಗೆ ಸಿಕ್ಕಿತು.

ಮರವನ್ನು ಪರೀಕ್ಷಿಸುವುದು

ಬೆಲೆ ಜಾಸ್ತಿ ಇರುವುದೂ ಮರಕ್ಕೆ, ಮೋಸ ಹೋಗುವುದೂ ಮರದಲ್ಲಿ. ಮೊದಲು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಮರ ಠಣ್ ಅನ್ನುತ್ತದೆ, ಟೊಳ್ಳು ಮರ ಬೊದ್ ಅನ್ನುತ್ತದೆ. ಆಮೇಲೆ ಚೂಪು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಗೋಡೆಗೆ ತಾಗಿದ್ದ ತುದಿ, ಸೋರುತ್ತಿದ್ದ ಜಾಗ, ಸಂದಿ, ಈ ಮೂರು ಕಡೆ ತಪ್ಪದೆ ನೋಡಿ. ಅರ್ಧ ಇಂಚಿಗಿಂತ ಒಳಗೆ ಸಲೀಸಾಗಿ ಇಳಿದರೆ ಆ ಭಾಗವನ್ನು ಕೊಯ್ದು ತೆಗೆಯಿರಿ.

ಸಣ್ಣ ತೂತು ಕಂಡ ತಕ್ಷಣ ಮರ ಎಸೆಯಬೇಡಿ. ಹುಳ ಬದುಕಿದೆಯೋ ಇಲ್ಲವೋ ಅನ್ನುವುದು ಮುಖ್ಯ. ಮರದ ಕೆಳಗೆ ಬಿಳಿ ಹಾಳೆ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಒಳಗಿದೆ. ಬೀಳದಿದ್ದರೆ ಹೆಚ್ಚಿನ ಪಾಲು ಅದು ಯಾವತ್ತೋ ಬಿಟ್ಟುಹೋದ ಮನೆ. ಆದರೂ ಔಷಧಿ ಹಚ್ಚುವುದು ಒಳ್ಳೆಯದು. ಒಂದು ಲೀಟರ್ ಬಿಸಿ ನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಕೈಗವಸು ಹಾಕಿಕೊಂಡು ಬ್ರಷ್‌ನಿಂದ ಎರಡು ಮೂರು ಸಲ ಹಚ್ಚಿ. ಕೊಯ್ದ ತುದಿಗೆ ಜಾಸ್ತಿ ಕುಡಿಸಿ. ಮಕ್ಕಳು, ದನ, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ. ಒಂದು ವಿಷಯ ನೆನಪಿರಲಿ, ಈ ಔಷಧಿ ಮಳೆಗೆ ತೊಳೆದುಹೋಗುತ್ತದೆ. ಮಾಡಿನ ಕೆಳಗಿನ ಮರಕ್ಕೆ ಮಾತ್ರ ಸರಿ, ಇರಚಲು ಬಡಿಯುವ ಕಂಬಕ್ಕೆ ಅಲ್ಲ.

ಇನ್ನು ಮೊಳೆ. ಒಂದೇ ಒಂದು ಮೊಳೆ ಒಳಗೆ ಉಳಿದರೂ ಸಾ ಮಿಲ್ಲಿನ ಬ್ಲೇಡು ಮುರಿಯುತ್ತದೆ, ಕೊಯ್ಯುವವರ ಜೀವಕ್ಕೂ ಅಪಾಯ. ಅದಕ್ಕೇ ಎಷ್ಟೋ ಮಿಲ್ಲಿನವರು ಹಳೇ ಮರ ಅಂದರೆ ಮುಟ್ಟುವುದಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಎಳೆಯಿರಿ. ಎಳೆತ ಸಿಕ್ಕಿದಲ್ಲಿ ಬಣ್ಣ ಹಚ್ಚಿ, ಮೊಳೆ ತೆಗೆದು ಆಮೇಲೆ ಒಯ್ಯಿರಿ. ತುಂಬ ಒಳಗೆ ಹೋದ ಮೊಳೆ ಅಯಸ್ಕಾಂತಕ್ಕೆ ಸಿಗುವುದಿಲ್ಲ, ತುಕ್ಕಿನ ಕಪ್ಪು ಕಲೆ ನೋಡಿ ಹುಡುಕಬೇಕು.

ತೊಲೆಯಲ್ಲಿ ಹಳೇ ಕಚ್ಚುಗಳಿರುತ್ತವೆ. ನಡುಭಾಗದಲ್ಲಿ ಕೆಳಮುಖವಾಗಿ ಕಚ್ಚು ಬಂದರೆ ತೊಲೆ ಸೋಲುತ್ತದೆ, ಏಕೆಂದರೆ ಭಾರ ಬಿದ್ದಾಗ ಅಲ್ಲೇ ಎಳೆತ ಜಾಸ್ತಿ. ಭಾರ ಹೊರುವ ತೊಲೆ ಯಾವುದು, ಎಷ್ಟು ಅಂತರಕ್ಕೆ ಅಂತ ಎಂಜಿನಿಯರ್ ಹೇಳಲಿ. ಬಾಗಿದ, ಸೀಳಿದ ತೊಲೆಯನ್ನು ಕೊಯ್ದರೆ ಕಿಟಕಿ, ಮೆಟ್ಟಿಲು, ಕಪಾಟಿಗೆ ಒಳ್ಳೆಯ ಮರ ಸಿಗುತ್ತದೆ.

ಇಡುವಾಗ ನೆಲದಿಂದ ಒಂದು ಅಡಿ ಮೇಲೆ ಕಲ್ಲಿನ ಮೇಲಿಡಿ. ಸಾಲುಗಳ ನಡುವೆ ಪಟ್ಟಿ ಕೊಟ್ಟು ಗಾಳಿ ಆಡಲು ಬಿಡಿ. ಟಾರ್ಪಾಲನ್ನು ನೆಲದ ತನಕ ಸುತ್ತಬೇಡಿ, ಒಳಗೆ ಬೂಸ್ಟು ಬರುತ್ತದೆ.

ಹಂಚು

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಹಲವು ಕಾರ್ಖಾನೆಗಳು ಬಂದವು. ಹಂಚನ್ನು ತಿರುಗಿಸಿ ನೋಡಿ, ಹಿಂದೆ ಕಾರ್ಖಾನೆಯ ಗುರುತು ಇರುತ್ತದೆ. ಆ ಗುರುತು ಬರೀ ಚೆಂದಕ್ಕಲ್ಲ. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಸಣ್ಣ ವ್ಯತ್ಯಾಸ ಇದೆ. ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಾಗಾಗಿ ಮೊದಲ ಕೆಲಸ ಗುರುತಿನ ಪ್ರಕಾರ ರಾಶಿ ಮಾಡುವುದು. ಮಾಡಿನ ಒಂದು ಇಳಿಜಾರಿಗೆ ಒಂದೇ ಗುರುತಿನ ಹಂಚು.

ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ಕೇಳಿದರೆ ಒಳ್ಳೆಯದು. ಸದ್ದು ಒಡೆದ ಹಾಗಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ. ಕಚ್ಚು, ಹಿಂದಿನ ಕೊಕ್ಕೆ ಮುರಿದಿರಬಾರದು. ಪಾಚಿಯನ್ನು ಒಣಗಿಸಿ, ತೆಂಗಿನ ನಾರಿನ ಬ್ರಷ್‌ನಿಂದ ಬರೀ ನೀರಲ್ಲಿ ತಿಕ್ಕಿ. ಆಸಿಡ್ ಬೇಡ. ಪ್ರೆಷರ್ ಪಂಪಿನ ನೀರು ಹತ್ತಿರದಿಂದ ಬಿಟ್ಟರೆ ಹಂಚಿನ ಮೇಲ್ಪದರ ಎದ್ದುಹೋಗುತ್ತದೆ, ಆಮೇಲೆ ಅದು ನೀರು ಕುಡಿಯುತ್ತಲೇ ಇರುತ್ತದೆ.

ಜೋಡಿಸಿಡುವಾಗ ನಾವು ಒಂದು ತಪ್ಪು ಮಾಡಿದೆವು. ಹಲಸಿನ ಮರದ ಕೆಳಗೆ ಒಂದರ ಮೇಲೊಂದು ಮಲಗಿಸಿ ಎದೆಮಟ್ಟ ಪೇರಿಸಿದೆವು. ಕೆಳಗಿನ ಮೂರು ಸಾಲು ಭಾರಕ್ಕೆ ಬಿರುಕು ಬಿಟ್ಟಿತು. ಹಂಚನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ ಇಡಬೇಕು.

ಲೆಕ್ಕ ಹೀಗೆ. ಒಂದು ಚದರ ಮೀಟರ್‌ಗೆ ಸುಮಾರು 15 ಹಂಚು, ಅಂದರೆ 100 ಚದರ ಅಡಿ ಮಾಡಿಗೆ ಸುಮಾರು 140. ಇದು ಇಳಿಜಾರಿನ ಮೇಲಿನ ಅಳತೆ, ನೆಲದ ಅಳತೆ ಅಲ್ಲ. ಜೊತೆಗೆ ನೂರಕ್ಕೆ ಹತ್ತರಂತೆ ಜಾಸ್ತಿ ಇಟ್ಟುಕೊಳ್ಳಿ. ರೀಪಿನ ಅಂತರವನ್ನು ಅಂದಾಜಿನಲ್ಲಿ ಹೊಡೆಸಬೇಡಿ. ಹನ್ನೆರಡು ಹಂಚನ್ನು ನೆಲದ ಮೇಲೆ ಮೇಲಿನಿಂದ ಕೆಳಕ್ಕೆ ಕಚ್ಚಿಗೆ ಕಚ್ಚು ಸೇರಿಸಿ ಜೋಡಿಸಿ. ಒಮ್ಮೆ ಆದಷ್ಟು ಎಳೆದು ಅಳೆಯಿರಿ, ಒಮ್ಮೆ ಆದಷ್ಟು ಒತ್ತಿ ಅಳೆಯಿರಿ. ಎರಡೂ ಸಲ ಮೊದಲ ಹಂಚಿನ ಕೊಕ್ಕೆಯಿಂದ ಕೊನೆಯ ಹಂಚಿನ ಕೊಕ್ಕೆಗೆ ಅಳೆದು, ಎರಡರ ನಡುವಿನ ಅಳತೆಯನ್ನು 11ರಿಂದ ಭಾಗಿಸಿದರೆ ಬರುವುದೇ ನಿಮ್ಮ ರೀಪಿನ ಅಂತರ. ಪ್ರತಿ ಗುರುತಿನ ಹಂಚಿಗೂ ಬೇರೆ ಬೇರೆ ಮಾಡಬೇಕು.

ನಮ್ಮ ಮಳೆಗೆ ಇಳಿಜಾರು 30 ಡಿಗ್ರಿಗಿಂತ ಕಡಿಮೆ ಬೇಡ. ಎಷ್ಟೋ ಹಂಚಿನಲ್ಲಿ ಹಿಂದೆ ತಂತಿ ಕಟ್ಟಲು ಸಣ್ಣ ತೂತು ಇರುತ್ತದೆ. ಸೂರಿನ ಎರಡು ಸಾಲನ್ನು ತಂತಿಯಿಂದ ರೀಪಿಗೆ ಕಟ್ಟಿಬಿಡಿ, ಜುಲೈ ಗಾಳಿಗೆ ಮೊದಲು ಏಳುವುದು ಅವೇ.

ಕಲ್ಲು, ಇಟ್ಟಿಗೆ, ಮಣ್ಣು

ತಳಪಾಯದ ಕಗ್ಗಲ್ಲಿಗೆ ಏನೂ ಆಗಿರುವುದಿಲ್ಲ. ಮಣ್ಣು ತೊಳೆದು ಹಾಗೇ ಹೊಸ ತಳಪಾಯಕ್ಕೆ ಹಾಕಿ.

ಇಟ್ಟಿಗೆ, ಕೆಂಪುಕಲ್ಲು ಎರಡಕ್ಕೂ ಒಂದೇ ಪ್ರಶ್ನೆ, ಗಾರೆ ಯಾವುದು? ಮಣ್ಣಿನದೋ ಸುಣ್ಣದ್ದೋ ಆದರೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಉದುರುತ್ತದೆ. ಸಿಮೆಂಟ್ ಆದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ, ಅದರ ಹಿಂದೆ ಬಿದ್ದು ಕೂಲಿ ಕಳೆಯಬೇಡಿ. ಇಟ್ಟಿಗೆಯನ್ನು ಒಣಗಿದಾಗ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. 3 ಕೆ.ಜಿ. ಇಟ್ಟಿಗೆ 3.6 ಕೆ.ಜಿ. ದಾಟಿದರೆ, ಅಂದರೆ ಶೇ 20ಕ್ಕಿಂತ ಜಾಸ್ತಿ ನೀರು ಕುಡಿದರೆ, ಹೊರಗೋಡೆಗೆ ಬೇಡ.

ತೋಟದ ಕಟ್ಟಡಗಳಿಗೆ ಇನ್ನೊಂದು ಎಚ್ಚರಿಕೆ. ಗೊಬ್ಬರದ ಗೋದಾಮಿನ ಗೋಡೆಯ ಇಟ್ಟಿಗೆಯಲ್ಲಿ ಉಪ್ಪು ಇಳಿದಿರುತ್ತದೆ, ಹೊಸ ಗೋಡೆಯಲ್ಲೂ ಬೆಳ್ಳಗೆ ಕಾರುತ್ತಲೇ ಇರುತ್ತದೆ. ಬೋರ್ಡೋ ದ್ರಾವಣಕ್ಕೆ (ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಔಷಧಿ) ಮೈಲುತುತ್ತ ಇಡುತ್ತಿದ್ದ, ಕೀಟನಾಶಕ ಇಡುತ್ತಿದ್ದ ಕೋಣೆಯ ಮರ, ಹಲಗೆ ಯಾವುದೂ ವಾಸದ ಮನೆಗೆ ಬೇಡ. ಅದನ್ನು ಒಲೆಗೂ ಹಾಕಬೇಡಿ.

ಹಳೇ ಗೋಡೆಯ ಮಣ್ಣು ಚಿನ್ನ. ಅಜ್ಜಂದಿರು ಆರಿಸಿ, ತುಳಿದು ಹದ ಮಾಡಿದ ಮಣ್ಣು ಅದು. ಬೇರು, ಗೆದ್ದಲಿನ ಗೂಡು ತೆಗೆದು ಜರಡಿ ಹಿಡಿಯಿರಿ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಕುಲುಕಿ, ಒಂದು ದಿನ ಬಿಡಿ. ಅಡಿಯಲ್ಲಿ ಮರಳು, ಮೇಲೆ ಜೇಡಿ ಪದರವಾಗಿ ನಿಲ್ಲುತ್ತದೆ. ಮರಳು ಅರ್ಧಕ್ಕಿಂತ ಕಡಿಮೆ ಇದ್ದರೆ ಕಲ್ಲುಪುಡಿ ಸೇರಿಸಿ. ಇದಕ್ಕೆ ಶೇ 7ರಿಂದ 8 ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ ಗಟ್ಟಿ ಮಣ್ಣಿನ ಬ್ಲಾಕ್ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಈ ಬ್ಲಾಕಿನ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮೂರು ವಾರ ನೀರು ಹಾಕಿ ನೆನೆಸಬೇಕು, ಸುಡುವ ಕೆಲಸ ಇಲ್ಲ. ಗೋಡೆಗೆ ಮಾತ್ರ ಉದ್ದ ಸೂರು, ಎತ್ತರದ ಕಲ್ಲಿನ ಪಾಯ ಬೇಕೇ ಬೇಕು.

ಹೊಸ ಮನೆಯಲ್ಲಿ ಕೂರಿಸುವಾಗ

ಹಳೇ ಬಾಗಿಲು ಗಿಡ್ಡ. ತಲೆ ತಾಗುತ್ತದೆ ಅಂತ ಬಿಡಬೇಡಿ. ಚೌಕಟ್ಟಿನ ಮೇಲೆ ಇನ್ನೊಂದು ಚೌಕಟ್ಟು ಕೂರಿಸುವುದರಿಂದ ತಲೆ ತಾಗುವುದು ತಪ್ಪುವುದಿಲ್ಲ. ಕಂಬಗಳ ಬುಡಕ್ಕೆ ಆರೆಂಟು ಇಂಚಿನ ಕಲ್ಲು ಕೊಟ್ಟು ಇಡೀ ಚೌಕಟ್ಟನ್ನು ಎತ್ತರಿಸಿ, ಬಾಗಿಲ ಪಡಿಯ ಕೆಳಗೆ ಅದೇ ಮರದ ಪಟ್ಟಿ ಸೇರಿಸಿ. ಬುಡ ನೀರಿನಿಂದಲೂ ದೂರವಾಗುತ್ತದೆ.

ಬಿರುಕು ಬಿಟ್ಟ, ಮಾಡಿಗೆ ಬಾರದ ಹಂಚಿಗೆ ಒಳ್ಳೆಯ ದಾರಿ ಇದೆ. ತಿರುವನಂತಪುರದಲ್ಲಿ ನೆಲೆಸಿ ಕೇರಳದ ತುಂಬ ಕಡಿಮೆ ಖರ್ಚಿನ ಮನೆ ಕಟ್ಟಿದ ಲಾರಿ ಬೇಕರ್ ಇದನ್ನು ಬಹಳ ಬಳಸಿದರು. ತಾರಸಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಹೆಚ್ಚಾಗಿ ಬರೀ ಭಾರ. ಕಬ್ಬಿಣದ ಸರಳುಗಳ ನಡುವೆ ಎರಡೆರಡು ಹಂಚನ್ನು ಒಂದರ ಮೇಲೊಂದಿಟ್ಟು ಕಾಂಕ್ರೀಟ್ ಸುರಿದರೆ ಸಿಮೆಂಟ್ ಉಳಿಯುತ್ತದೆ, ತಾರಸಿ ಹಗುರ ಆಗುತ್ತದೆ. ಹಂಚನ್ನು ಮೊದಲು ಚೆನ್ನಾಗಿ ನೆನೆಸಿರಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನೆಲ್ಲ ಅದೇ ಹೀರುತ್ತದೆ. ಸರಳಿನ ಲೆಕ್ಕ ಎಂಜಿನಿಯರ್‌ದೇ.

ಜೋಡಿಸುವುದೆಲ್ಲ ಮತ್ತೆ ಬಿಚ್ಚಲು ಬರುವ ಹಾಗಿರಲಿ. ಮರಕ್ಕೆ ಅಂಟಿನ ಬದಲು ಬೋಲ್ಟು, ಸ್ಕ್ರೂ, ಮರದ ಗೂಟ. ಹಳೇ ಮೆತ್ತನೆ ಇಟ್ಟಿಗೆಗೆ ಸಿಮೆಂಟಿನ ಬದಲು ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ನಮ್ಮ ಅಜ್ಜ ಗೂಟ ಹೊಡೆಸಿದ್ದಕ್ಕೇ ನಮಗೆ ಆ ಚೌಕಟ್ಟು ಸಿಕ್ಕಿತು.

ಬೇಡದ್ದು, ಉಳಿದದ್ದು

ಹಳೇ ವೈರು, ಸ್ವಿಚ್ಚು ಬೇಡ. ತುಕ್ಕು ತಿಂದ ಕಂಬಿ ಕಾಂಕ್ರೀಟಿಗೆ ಬೇಡ. ಕಲ್ನಾರಿನ ಶೀಟನ್ನು ಒಡೆಯಬೇಡಿ, ಕೊಯ್ಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ.

ಕೊನೆಗೆ ಉಳಿಯುವುದು ಗಾರೆ, ಒಡೆದ ಇಟ್ಟಿಗೆ, ಚೂರು ಹಂಚು. ಇದನ್ನು ಮನೆ ಹಿಂದಿನ ಇಳಿಜಾರಿಗೆ ಸುರಿಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಬೆಟ್ಟವೇ ಇಳಿದು ಬಂದದ್ದನ್ನು ನಾವ್ಯಾರೂ ಮರೆತಿಲ್ಲ. ಇಳಿಜಾರಿನ ಮೇಲೆ ಸಡಿಲ ರಾಶಿ ಬಿದ್ದರೆ ನೀರು ಅದರೊಳಗೆ ನಿಲ್ಲುತ್ತದೆ, ಭಾರ ಏರುತ್ತದೆ, ತೋಡಿನ ದಾರಿ ಮುಚ್ಚುತ್ತದೆ. ಕಟ್ಟಡದ ಅವಶೇಷದ ಬಗ್ಗೆ 2016ರಲ್ಲೇ ಕೇಂದ್ರದ ನಿಯಮ ಬಂದಿದೆ, ಚರಂಡಿಗೆ, ರಸ್ತೆ ಬದಿಗೆ ಹಾಕುವ ಹಾಗಿಲ್ಲ. ಚೂರನ್ನು ಪುಡಿ ಮಾಡಿ ಮನೆಯೊಳಗೆ ನೆಲದ ಅಡಿಗೆ ತುಂಬಿ, ದಿಮ್ಮಿಸಿ ಒತ್ತಿಸಿ. ಅಂಗಳದ ದಾರಿಗೆ, ಕಾಫಿ ಕಣದ ತಳಕ್ಕೆ ಹಾಕಿ. ನಮ್ಮಲ್ಲಿ ಅಷ್ಟೂ ಅಲ್ಲೇ ಕರಗಿತು.

ಖರ್ಚಿನ ಬಗ್ಗೆಯೂ ಕೇಳುತ್ತೀರಿ. ಸಾಮಾನಿಗೆ ಉಳಿದದ್ದರಲ್ಲಿ ದೊಡ್ಡ ಪಾಲು ಕೂಲಿಗೆ ಹೋಗುತ್ತದೆ. ಆದರೆ ಆ ದುಡ್ಡು ಊರಿನ ಆಚಾರಿಗೆ, ಮೇಸ್ತ್ರಿಗೆ ಹೋಗುತ್ತದೆ. ಮತ್ತೆ, ಅಷ್ಟು ಬಲಿತ ಹಲಸಿನ ತೊಲೆಯನ್ನು ಇವತ್ತು ಹೊಸದಾಗಿ ಕೊಳ್ಳಲು ಹೊರಟರೆ ಬೆಲೆ ಎಷ್ಟು ಅಂತ ಒಮ್ಮೆ ಕೇಳಿ ನೋಡಿ.

ಮೊದಲ ಮಳೆಯ ದಿನ

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹಿಡಿದಾಗ ಟಾರ್ಚ್, ಬಣ್ಣದ ಪೆನ್ಸಿಲ್ ಹಿಡಿದು ಅಟ್ಟ ಹತ್ತಿ. ಹನಿ ಬೀಳುವ ಜಾಗ ನೋಡಬೇಡಿ, ಅದು ರೀಪಿನ ಮೇಲೆ ಎಲ್ಲಿಂದ ಹರಿದು ಬಂತು ಅಂತ ಮೇಲಕ್ಕೆ ಹುಡುಕಿ, ಅಲ್ಲಿ ಪಕಾಸಿಗೆ ಗುರುತು ಹಾಕಿ. ಒದ್ದೆ ಮಾಡಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಒಳಗಿನಿಂದಲೇ ಹಂಚನ್ನು ಎತ್ತಿ ಸರಿಸಿ ಕೂರಿಸಬಹುದು. ಆಗದಿದ್ದರೆ ಕೆಳಗೆ ಪಾತ್ರೆ ಇಡಿ. ನೂರಕ್ಕೆ ಹತ್ತರಂತೆ ಎತ್ತಿಟ್ಟ ಹಂಚು ಜಗಲಿಯ ಮೂಲೆಯಲ್ಲಿ ಇರುತ್ತದಲ್ಲ, ಮಳೆ ಬಿಟ್ಟ ಮೇಲೆ ಗುರುತು ನೋಡಿ ಅದನ್ನು ಹಾಕಿ.